‘ನಿಲ್ಲಿಸ್ರೀ’ ಅನ್ನುವ ಧೈರ್ಯ: ನಡುಗಡಲಿನ ಕೂಲಿಯ ಮಾತು

ನಮ್ಮ ರಾಯದುರ್ಗದ ಕಡೆ ಬೋರ್‌ವೆಲ್ ಇರುವ ರೈತರಿಗೆಲ್ಲ ಗೊತ್ತಿರುವ ಪಾಠ ಒಂದಿದೆ: ಮೋಟರಿನ ವೈರು ಮುಟ್ಟುವ ಮುಂಚೆ ಫ್ಯೂಸು ಕಿತ್ತು ಜೇಬಿಗೆ ಹಾಕ್ಕೋಬೇಕು. ಒಂದು ರಾತ್ರಿ ನಾನು ಫ್ಯೂಸನ್ನು ಸ್ಟಾರ್ಟರ್ ಡಬ್ಬಿಯ ಮೇಲೇ ಬಿಟ್ಟು ವೈರು ಜೋಡಿಸ್ತಾ ಕೂತಿದ್ದೆ. ಕರೆಂಟು ಬಂತೆಂದು ನನ್ನ ತಮ್ಮ ಓಡಿಬಂದು ಫ್ಯೂಸು ಹಾಕಹೋದ. ‘ನಿಲ್ಲಪ್ಪೋ, ಅಣ್ಣ ವೈರು ಹಿಡಿದಾನ’ ಅಂತ ಕೂಲಿಗೆ ಬಂದ ಹುಡುಗ ಕೂಗಿದ. ಅವನು ಸುಮ್ಮನಿದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಈ ಸಂಗತಿ ಮತ್ತೆ ನೆನಪಾದದ್ದು ಯುಗಾದಿಗೆ ಊರಿಗೆ ಬಂದ ನೆಂಟರ ಹುಡುಗನಿಂದ. ಅವನು ಸಮುದ್ರದೊಳಗಿನ ತೈಲ ವೇದಿಕೆಯಲ್ಲಿ ವೆಲ್ಡಿಂಗ್ ಕೆಲಸದವನು. ‘ದಿನಾ ಕೆಲಸಕ್ಕೆ ಮುಂಚೆ ಸೇಫ್ಟಿ ಮೀಟಿಂಗು ಇರ್ತೈತಿ ದೊಡ್ಡಪ್ಪ. ಇಂಗ್ಲಿಷು, ಹಿಂದಿಯೊಳಗ ಹೇಳ್ತಾರ. ಅರ್ಧ ತಿಳಿಯಂಗಿಲ್ಲ. ಸೈ ಮಾಡಿ ಹೋಗ್ತೀವಿ’ ಅಂದ. ‘ತಿಳೀಲಿಲ್ಲ ಅನ್ನೋಕೇನಪ್ಪ?’ ಅಂತ ಕೇಳಿದೆ. ನಕ್ಕ. ‘ಅಂದ್ರ ಮುಂದಿನ ಸಲ ಕರೀತಾರೋ ಇಲ್ಲೋ.’

ಆ ನಗೆಯೊಳಗೆ ಎಷ್ಟು ಅಪಾಯವಿದೆ ಎಂಬುದನ್ನು ಪೈಪರ್ ಆಲ್ಫಾ ಹೇಳುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಸುಮಾರು 190 ಕಿ.ಮೀ. ದೂರ, ಉತ್ತರ ಸಮುದ್ರದಲ್ಲಿದ್ದ ತೈಲ ವೇದಿಕೆ ಅದು. 1988ರ ಜುಲೈ 6ರಂದು ಅಲ್ಲಿನ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ರಿಪೇರಿಗೆ ಕಳಚಿ, ಆ ಜಾಗಕ್ಕೆ ಮುಚ್ಚಳ ಹಾಕಿದ್ದರು. ಕೆಲಸ ಮುಗಿದಿರಲಿಲ್ಲ. ಆ ಸುದ್ದಿ ರಾತ್ರಿ ಪಾಳಿಯವರಿಗೆ ಸರಿಯಾಗಿ ಮುಟ್ಟಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನೇ ಚಾಲು ಮಾಡಿದರು. ಗ್ಯಾಸು ಸೋರಿ ಸ್ಫೋಟವಾಯಿತು. ನೀರು ಎರಚಬೇಕಾದ ಬೆಂಕಿ ಪಂಪುಗಳು ತಾವಾಗಿ ಶುರುವಾಗದಂತೆ ಇಡಲ್ಪಟ್ಟಿದ್ದವು. ಅಪ್ಪಣೆ ಬರಲೆಂದು ವಸತಿಯಲ್ಲಿ ಕಾದು ಕೂತವರಲ್ಲಿ ಬಹಳ ಮಂದಿ ಹೊಗೆಯಲ್ಲಿ ಸತ್ತರು. ಕಡಲಿಗೆ ಹಾರಿದವರಲ್ಲಿ ಹಲವರು ಬದುಕಿದರು. ಒಟ್ಟು 167 ಜನ ಹೋದರು, ಉಳಿದವರು 61. ನನ್ನ ಹೊಲದ ಫ್ಯೂಸಿನ ಕಥೆಗೂ ಇದಕ್ಕೂ ಬೇರು ಒಂದೇ: ಒಬ್ಬ ಬಿಚ್ಚಿಟ್ಟದ್ದು ಇನ್ನೊಬ್ಬನಿಗೆ ತಿಳಿಯಲಿಲ್ಲ.

ವಿಚಾರಣೆ ನಡೆಸಿದ ಲಾರ್ಡ್ ಕಲನ್ ಅವರು 1990ರ ವರದಿಯಲ್ಲಿ 106 ಶಿಫಾರಸು ಮಾಡಿದರು. ಅದಕ್ಕೂ ಮುಂಚೆ, 1989ರಲ್ಲೇ ಬ್ರಿಟನ್ ಹೊಸ ನಿಯಮ ತಂದಿತ್ತು. ಕಡಲ ವೇದಿಕೆಗಳಲ್ಲಿ ಕೆಲಸಗಾರರು ತಮ್ಮದೇ ಸುರಕ್ಷತಾ ಪ್ರತಿನಿಧಿಗಳನ್ನು ಚುನಾಯಿಸಬಹುದು. ಅವರು ತಪಾಸಣೆ ಮಾಡಬಹುದು, ಕಾಗದಪತ್ರ ಕೇಳಬಹುದು. ನಾರ್ವೆಯಲ್ಲಂತೂ ಇಂಥ ಪ್ರತಿನಿಧಿಗೆ, ಜೀವಕ್ಕೆ ಅಪಾಯ ಕಂಡರೆ ಕೆಲಸವನ್ನೇ ನಿಲ್ಲಿಸುವ ಹಕ್ಕು ಕಾನೂನಿನಲ್ಲಿದೆ.

ನಮ್ಮ ದೇಶವೂ ಇಂಥ ಗಾಯ ಕಂಡಿದೆ. 2005ರ ಜುಲೈ 27ರಂದು ಮುಂಬಯಿ ಕಡಲಿನ ಬಾಂಬೆ ಹೈನಲ್ಲಿ, ಬೆರಳು ಕತ್ತರಿಸಿಕೊಂಡ ಅಡುಗೆಯವನೊಬ್ಬನನ್ನು ಹಡಗಿನಿಂದ ವೇದಿಕೆಗೆ ಏರಿಸುವ ಕೆಲಸ ನಡೆದಿತ್ತು. ಹಡಗು ವೇದಿಕೆಗೆ ಬಡಿದು ಗ್ಯಾಸಿನ ಕೊಳವೆ ಒಡೆಯಿತು. ವೇದಿಕೆ ಉರಿದು ಹೋಯಿತು. 22 ಜನ ಸತ್ತರು. 2008ರಲ್ಲಿ ಕಡಲ ತೈಲ ಕೆಲಸಕ್ಕೇ ಬೇರೆ ಸುರಕ್ಷತಾ ನಿಯಮಗಳು ಬಂದವು.

ನಿಯಮ ಬೇಕು, ಹೆಲ್ಮೆಟ್ಟೂ ಬೇಕು. ಆದರೆ ಗೋಡೆಗೆ ಬೋರ್ಡು ಹಚ್ಚಿ, ವಾರಾಚರಣೆಯಲ್ಲಿ ಪ್ರತಿಜ್ಞೆ ಹೇಳಿಸಿದ ಮಾತ್ರಕ್ಕೆ ಕೂಲಿಯವನು ಮನಸು ಕೊಡೋದಿಲ್ಲ. ಅವನು ಹೇಳಿದ ತೊಂದರೆಗೆ ಏನಾಯಿತು ಅಂತ ಅವನಿಗೇ ತಿಳಿಸಬೇಕು. ತಪ್ಪಿದ ಅಪಾಯವನ್ನು ವರದಿ ಮಾಡಿದವನನ್ನು ಬೈಯದೆ ಬೆನ್ನು ತಟ್ಟಬೇಕು. ಕಂಟ್ರಾಕ್ಟಿನವನಿಗೂ ಪರ್ಮನೆಂಟಿನವನಿಗೂ ಒಂದೇ ಕಿವಿ ಇರಬೇಕು. ಎಲ್ಲಕ್ಕೂ ಮೊದಲು, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಒಂದು ಭಾಷೆಯಲ್ಲಿ ಮನೆ, ಇನ್ನೊಂದರಲ್ಲಿ ಕಚೇರಿ ನಡೆಸುವ ಗಡಿನಾಡಿನ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಓದಲಾಗದ ಕಾಗದಕ್ಕೆ ಹಾಕಿದ ಸೈ ಒಪ್ಪಿಗೆಯಲ್ಲ.

ರಜೆ ಮುಗಿಸಿ ಹುಡುಗ ಗುಂತಕಲ್ಲಿನ ರೈಲಿಗೆ ಹೊರಟಾಗ ಅಂದೆ: ‘ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು. ತೆಲುಗಿನಾಗರ ಅನ್ನು, ಕನ್ನಡದಾಗರ ಅನ್ನು.’ ‘ಆಗಲಿ ದೊಡ್ಡಪ್ಪ’ ಅಂದ. ಅವನು ಅಂದದ್ದನ್ನು ಕೇಳುವ ಕಿವಿಯೂ ಅಲ್ಲಿರಬೇಕು. ಅದು ಮೇಲಿನವರ ಪಾಲಿನ ಕೆಲಸ.