ಜಾಗವೇ ಇಲ್ಲದ ಕಂಪ್ಯೂಟರಿನಲ್ಲಿ ಹುಟ್ಟಿದ ನೆರಳು

ಆ ಹುಡುಗ ನಿಜವಾಗಿಯೂ ಓಡಿದ್ದ! ನಿಜವಾಗಿಯೂ ಹಾರಿದ್ದ, ಜೋತುಬಿದ್ದಿದ್ದ, ಕೈಯೂರಿ ಮೇಲೆ ಹತ್ತಿದ್ದ!

ತೊಂಬತ್ತರ ದಶಕದಲ್ಲಿ ಡಾಸ್ ಕಂಪ್ಯೂಟರಿನ ಮುಂದೆ ಕೂತವರಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಬಿಳಿ ಬಟ್ಟೆಯ ರಾಜಕುಮಾರ ಮರೆತುಹೋಗಿರಲಾರ. ನೆಲಮಾಳಿಗೆಯ ಸೆರೆಯಿಂದ ತಪ್ಪಿಸಿಕೊಂಡು, ನೆಲದಿಂದೇಳುವ ಮುಳ್ಳುಗಳನ್ನೂ ಕಚಕ್ಕನೆ ಕಚ್ಚಿಕೊಳ್ಳುವ ಗರಗಸದ ಬಾಗಿಲುಗಳನ್ನೂ ದಾಟಿ, ದುಷ್ಟ ವಜೀರ ಜಾಫರ್‌ನ ಹಿಡಿತದಲ್ಲಿರುವ ರಾಜಕುಮಾರಿಯನ್ನು 60 ನಿಮಿಷದೊಳಗೆ ಬಿಡಿಸಬೇಕು. ಆ ಕಾಲದ ಬೇರೆ ಆಟಗಳ ಗೊಂಬೆಗಳು ಸ್ಪ್ರಿಂಗ್ ಇಟ್ಟಂತೆ ಪುಟಿಯುತ್ತಿದ್ದವು. ಇವನೊಬ್ಬ ಮಾತ್ರ ಮನುಷ್ಯನಂತೆ ಓಡುತ್ತಿದ್ದ. ಓಟ ನಿಲ್ಲಿಸುವಾಗ ತುಸು ಜಾರುತ್ತಿದ್ದ, ಎತ್ತರದಿಂದ ಬಿದ್ದರೆ ಮಂಡಿ ಮಡಚುತ್ತಿದ್ದ. ಅಷ್ಟು ಜೀವಂತಿಕೆ ಎಲ್ಲಿಂದ ಬಂತು ಎಂದು ಬೆನ್ನುಹತ್ತಿ ಹೋದರೆ ಸಿಗುವುದು 1985ರ ಅಮೆರಿಕದ ಒಂದು ಪಾರ್ಕಿಂಗ್ ಜಾಗ!

ಜೋರ್ಡನ್ ಮೆಕ್ನರ್ ಆಗಷ್ಟೇ ಯೇಲ್ ವಿಶ್ವವಿದ್ಯಾಲಯದ ಓದು ಮುಗಿಸಿದ್ದ ತರುಣ. ಓದುತ್ತಿರುವಾಗಲೇ ‘ಕರಾಟೇಕಾ’ ಎಂಬ ಆಟ ಮಾಡಿ ಗೆದ್ದಿದ್ದ. ಮುಂದಿನ ಆಟಕ್ಕಾಗಿ ನ್ಯೂಯಾರ್ಕ್ ರಾಜ್ಯದ ತನ್ನೂರಿನ ಆ ಪಾರ್ಕಿಂಗ್ ಜಾಗದಲ್ಲಿ, ಹದಿಹರೆಯದ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡು ಎಂದ, ಹಾರು ಎಂದ, ಹತ್ತು ಎಂದ. ಎಲ್ಲವನ್ನೂ ವಿಡಿಯೊ ಕ್ಯಾಮೆರಾದಲ್ಲಿ ಹಿಡಿದ. ಆಮೇಲಿನದು ತಪಸ್ಸು! ಟೇಪನ್ನು ಟಿವಿಗೆ ಹಾಕಿ ಒಂದೊಂದೇ ಚೌಕಟ್ಟನ್ನು ನಿಲ್ಲಿಸಿ, ಟಿವಿ ಪರದೆಯ ಫೋಟೋ ತೆಗೆದ. ಆ ಫೋಟೋಗಳ ಮೇಲೆ ಕಪ್ಪು ಪೆನ್ನು, ಬಿಳಿ ಬಣ್ಣ ಹಿಡಿದು ತಮ್ಮನ ಮೈಯ ಅಂಚನ್ನು ಬಿಡಿಸಿದ. ಅವನ್ನು ಜೆರಾಕ್ಸ್ ಮಾಡಿ ಕಂಪ್ಯೂಟರಿಗೆ ಇಳಿಸಿದ. ಅಲ್ಲಿ ಮತ್ತೆ ಒಂದೊಂದೇ ಚುಕ್ಕಿಯನ್ನು ತಿದ್ದಿದ. ನಿಜವಾದ ಚಲನೆಯ ಮೇಲೆ ಚಿತ್ರ ಬರೆಯುವ ಈ ರೋಟೋಸ್ಕೋಪ್ ವಿದ್ಯೆ 1910ರ ದಶಕದಲ್ಲೇ ಮ್ಯಾಕ್ಸ್ ಫ್ಲೀಷರ್ ಕಂಡುಹಿಡಿದದ್ದು. ಸಿನಿಮಾದ ಆ ಹಳೆಯ ವಿದ್ಯೆ ಒಬ್ಬನೇ ತರುಣನ ಕೈಯಲ್ಲಿ, ಮನೆ ಮೇಜಿನ ಕಂಪ್ಯೂಟರಿನೊಳಗೆ ಉಸಿರಾಡತೊಡಗಿತು.

ಆ ಕಂಪ್ಯೂಟರ್ ಯಾವುದು ಗೊತ್ತೆ? ಆಪಲ್ 2! ಅದರ 6502 ಪ್ರೊಸೆಸರಿನ ವೇಗ ಸುಮಾರು 1 ಮೆಗಾಹರ್ಟ್ಸ್. ಆಟಕ್ಕೆ ಸಿಕ್ಕಿದ್ದು ಬರೀ 128 ಕಿಲೋಬೈಟ್ ಮೆಮೊರಿ. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ ಕೂಡ ಅದರೊಳಗೆ ಹಿಡಿಸದು. ಅಷ್ಟರಲ್ಲೇ ಕೋಟೆ, ಬಾಗಿಲು, ಸದ್ದು, ಸಂಗೀತ ಎಲ್ಲವೂ ಕೂರಬೇಕು. ಡೇವಿಡ್‌ನ ಓಟ, ನೆಗೆತಗಳೇ ಆ ಜಾಗವನ್ನೆಲ್ಲ ನುಂಗಿಬಿಟ್ಟವು. ರಾಜಕುಮಾರ ಸೊಗಸಾಗಿ ಓಡುತ್ತಿದ್ದ, ಆದರೆ ಎದುರಿಸಲು ಯಾರೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಪ್ರಕಾಶಕ ಕಂಪನಿ ಬ್ರೋಡರ್‌ಬಂಡ್‌ನಲ್ಲಿದ್ದ ಟೋಮಿ ಪಿಯರ್ಸ್ ಕಂಡಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: ಇದಕ್ಕೆ ಕಾಳಗ ಬೇಕು. ಮೆಕ್ನರ್ ಬಳಿಯೂ ಒಂದೇ ಉತ್ತರವಿತ್ತು: ಇನ್ನೊಬ್ಬನನ್ನು ತರಲು ಮೆಮೊರಿ ಇಲ್ಲ.

ಇಲ್ಲೇ ನಡೆದದ್ದು ಪವಾಡ. ಹೊಸಬನಿಗೆ ಜಾಗವಿಲ್ಲದಿದ್ದರೆ ಇರುವವನನ್ನೇ ಇಬ್ಬರಾಗಿಸಿದರೆ? ರಾಜಕುಮಾರನ ಚಿತ್ರವನ್ನು ಒಂದು ಚುಕ್ಕಿಯಷ್ಟು ಪಕ್ಕಕ್ಕೆ ಸರಿಸಿ, ಅದೇ ಚಿತ್ರದ ಮೇಲೆ ‘ಎಕ್ಸ್-ಆರ್’ ಎಂಬ ಗಣಿತದ ಕ್ರಿಯೆಯಿಂದ ಕೂಡಿಸಿದರೆ, ಎರಡರಲ್ಲೂ ಒಂದೇ ಆಗಿರುವ ಭಾಗ ಅಳಿಸಿಹೋಗುತ್ತದೆ, ಬೇರೆಯಾಗಿರುವ ಅಂಚುಗಳು ಮಾತ್ರ ಉಳಿಯುತ್ತವೆ. ಪರದೆಯ ಮೇಲೆ ಮಿನುಗುತ್ತ ನಿಂತ ಒಬ್ಬ ಛಾಯಾಪುರುಷ! ಅದೇ ಓಟ, ಅದೇ ನೆಗೆತ, ಅದೇ ಡೇವಿಡ್. ಹೊಸ ಚಿತ್ರ ಒಂದೂ ಬೇಕಾಗಲಿಲ್ಲ.

ಎದುರಾಳಿ ನಾಯಕನದೇ ನೆರಳು ಎಂದಾದ ಕೂಡಲೇ ಕಥೆಗೊಂದು ಆಳ ಬಂತು ನೋಡಿ! ನಾಲ್ಕನೆಯ ಲೆವೆಲ್‌ನಲ್ಲಿ ದಾರಿಗಡ್ಡ ಒಂದು ಕನ್ನಡಿ. ಓಡಿಬಂದು ಅದರೊಳಗೇ ಹಾರಬೇಕು. ಹಾರಿದಾಗ ರಾಜಕುಮಾರನ ಶಕ್ತಿ ಕುಂದಿ, ಕನ್ನಡಿಯ ಆಚೆ ಬದಿಯಿಂದ ನೆರಳು ಹೊರಬಿದ್ದು ಓಡಿಹೋಗುತ್ತದೆ. ಐದನೆಯದರಲ್ಲಿ ನಿಮಗೆ ಸೇರಬೇಕಾದ ಔಷಧವನ್ನು ಅದು ಕುಡಿದುಬಿಡುತ್ತದೆ. ಆರನೆಯದರಲ್ಲಿ ಬಾಗಿಲು ಮುಚ್ಚಿ ನಿಮ್ಮನ್ನು ಪಾತಾಳಕ್ಕೆ ಕೆಡವುತ್ತದೆ. ಕೊನೆಯ ಹನ್ನೆರಡನೆಯ ಲೆವೆಲ್‌ನಲ್ಲಿ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ಏಟು ಬೀಳುವುದು ನಿಮಗೆ, ಕೊಂದರೆ ಸಾಯುವುದೂ ನೀವೇ! ಗೆಲ್ಲುವ ದಾರಿ ಒಂದೇ: ಕತ್ತಿಯನ್ನು ಒರೆಗೆ ಸೇರಿಸಿ ಅದರೆಡೆಗೆ ನಡೆಯುವುದು. ಆಗ ಇಬ್ಬರೂ ಒಂದಾಗುತ್ತಾರೆ. ಮೆಮೊರಿ ಸಾಲದ್ದಕ್ಕೆ ಹೂಡಿದ ಉಪಾಯವೊಂದು ಮನುಷ್ಯ ತನ್ನನ್ನೇ ತಾನು ಎದುರುಗೊಳ್ಳುವ ಕಥೆಯಾಯಿತು!

ನೆರಳಿನಿಂದ ಧೈರ್ಯ ಪಡೆದ ಮೆಕ್ನರ್ ಆಮೇಲೆ ಮೆಮೊರಿಯನ್ನು ಹಿಂಡಿ ಹಿಂಡಿ ಜಾಗ ಮಾಡಿ ಕಾವಲುಗಾರರನ್ನೂ ತಂದ. ಕತ್ತಿವರಸೆ ಸಿಕ್ಕಿದ್ದು 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದಿಂದ. ಎರೋಲ್ ಫ್ಲಿನ್ ಮತ್ತು ಬ್ಯಾಸಿಲ್ ರಾಥ್‌ಬೋನ್ ಸೆಣಸುವ ಕೊನೆಯ ಕಾಳಗದಲ್ಲಿ ಕೆಲವೇ ಕ್ಷಣ ಇಬ್ಬರೂ ನೇರ ಪಕ್ಕದಿಂದ ಕಾಣಿಸುತ್ತಾರೆ. ಆಟಕ್ಕೆ ಬೇಕಿದ್ದದ್ದು ಅದೇ ಕೋನ! ಸಂಗೀತ ಕಟ್ಟಿಕೊಟ್ಟವರು ತಂದೆ ಫ್ರಾನ್ಸಿಸ್ ಮೆಕ್ನರ್, ವೃತ್ತಿಯಿಂದ ಮನಶ್ಶಾಸ್ತ್ರಜ್ಞರು. ತಮ್ಮನ ಮೈ, ತಂದೆಯ ರಾಗ, ಅಣ್ಣನ ನಾಲ್ಕು ವರ್ಷದ ದುಡಿಮೆ ಸೇರಿ 1989ರಲ್ಲಿ ಆಟ ಹೊರಬಂತು.

ಅಷ್ಟು ಹೊತ್ತಿಗೆ ಆಪಲ್ 2ರ ಕಾಲ ಮುಗಿಯುತ್ತಿತ್ತು. ಮೊದಮೊದಲು ಕೊಳ್ಳುವವರೇ ಕಡಿಮೆ. ಆಮೇಲೆ ಡಾಸ್, ಜಪಾನಿನ ಕಂಪ್ಯೂಟರುಗಳು, ಮ್ಯಾಕಿಂಟಾಶ್ ಎಂದು ಒಂದೊಂದೇ ಯಂತ್ರಕ್ಕೆ ಜಿಗಿದ ರಾಜಕುಮಾರ ಲೋಕವನ್ನೆಲ್ಲ ಸುತ್ತಿದ.

ಮೂಲ ಪ್ರೋಗ್ರಾಮ್ ಮಾತ್ರ ಎಲ್ಲೋ ಕಳೆದುಹೋಗಿತ್ತು. 2012ರಲ್ಲಿ ಮನೆಯ ಹಳೆಯ ಸಾಮಾನಿನ ನಡುವೆ ಫ್ಲಾಪಿಗಳ ಪೆಟ್ಟಿಗೆಯೊಂದು ಸಿಕ್ಕಿತು. ಹುಡುಕಿ ಕಳಿಸಿದವರು ಅದೇ ತಂದೆ! ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಡಿಸ್ಕುಗಳು, ಅಳಿಸಿಹೋಗಿದ್ದರೂ ಅಚ್ಚರಿಯಿರಲಿಲ್ಲ. ಹಳೆಯ ಕಂಪ್ಯೂಟರುಗಳನ್ನು ಬಲ್ಲ ಜೇಸನ್ ಸ್ಕಾಟ್ ಮತ್ತು ಟೋನಿ ಡಿಯಾಸ್ ಆ ಕಾಲದ ಯಂತ್ರಗಳನ್ನು ಹೊತ್ತು ತಂದು, ಒಂದೊಂದೇ ಡಿಸ್ಕ್ ಓದಿಸಿದರು. ಅಸೆಂಬ್ಲಿ ಭಾಷೆಯ ಸಾಲುಗಳು ಹಾಗೆಯೇ ಉಳಿದಿದ್ದವು!

ಮೆಕ್ನರ್ ಅವನ್ನು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ, ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರು. ಪ್ರೋಗ್ರಾಮಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರೆಲ್ಲ ಒಮ್ಮೆ ಅವನ್ನು ತೆರೆದು ನೋಡಲೇಬೇಕು. ಸೌಲಭ್ಯ ಸಾಲದು, ಯಂತ್ರ ಹಳೆಯದು ಎಂದು ಕೈಚೆಲ್ಲುವ ಮುನ್ನ, 128 ಕಿಲೋಬೈಟಿನೊಳಗೆ ಒಬ್ಬ ಮನುಷ್ಯನೂ ಅವನ ನೆರಳೂ ಹಿಡಿಸಿದ ಬಗೆಯನ್ನು ಸಾಲು ಸಾಲಾಗಿ ಓದಬೇಕು!