ಸಾಯದೆ ಉಳಿದ ಪತಂಗದ ಮೂಗು

ಕೊಳ್ಳೇಗಾಲದ ಕಡೆ ರೇಷ್ಮೆ ಮೊಟ್ಟೆ ತಯಾರಿಸುವ ಕೋಣೆಗೆ ಬೆಳಗ್ಗೆ ಹೊಕ್ಕರೆ ಮೊದಲು ಕೇಳುವುದು ರೆಕ್ಕೆಯ ಸದ್ದು. ಗೂಡಿನಿಂದ ಆಗಷ್ಟೇ ಹೊರಬಂದ ಗಂಡು ಚಿಟ್ಟೆಗೆ ಹಾರಲು ಬಾರದು. ಆದರೂ ತಟ್ಟೆಯ ಮೂಲೆಯಲ್ಲೊಂದು ಹೆಣ್ಣಿದ್ದರೆ ಸಾಕು, ಪಟಪಟನೆ ರೆಕ್ಕೆ ಬಡಿಯುತ್ತ, ಗಿರಗಿರನೆ ಸುತ್ತುತ್ತ ಅತ್ತಲೇ ಸಾಗುತ್ತದೆ. ಹೆಣ್ಣು ಮಾತ್ರ ಕೂತಲ್ಲೇ ಕೂತು, ಹೊಟ್ಟೆಯ ತುದಿಯ ಹಳದಿ ಗ್ರಂಥಿಯನ್ನು ಹೊರಚಾಚಿರುತ್ತದೆ.

ಈ ರೆಕ್ಕೆಬಡಿತವನ್ನೇ ಅಳತೆಗೋಲಾಗಿ ಮಾಡಿಕೊಂಡವರು ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್. ಗ್ರಂಥಿಯ ಸಾರದಲ್ಲಿ ಗಾಜಿನ ಕಡ್ಡಿ ಅದ್ದಿ ಗಂಡಿನ ಕುಡಿಮೀಸೆಯ ಮುಂದೆ ಹಿಡಿಯುವುದು. ರೆಕ್ಕೆ ಬಡಿದರೆ ಹುಡುಕುತ್ತಿರುವ ವಸ್ತು, ಅಂದರೆ ಗಂಡನ್ನು ಸೆಳೆಯುವ ವಾಸನೆ, ಅದರಲ್ಲಿದೆ. ಸುಮ್ಮನಿದ್ದರೆ ಆ ಪಾಲನ್ನು ಚೆಲ್ಲುವುದು. ಹೀಗೆ ಸೋಸುತ್ತ ಸುಮಾರು 20 ವರ್ಷ ಕಳೆಯಿತು. ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಕೊನೆಗೆ, 1959ರಲ್ಲಿ, ಕೈಗೆ ಬಂದದ್ದು ಆ ವಾಸನೆಯ ವಸ್ತು, ಕೆಲವೇ ಮಿಲಿಗ್ರಾಂ ಬಾಂಬಿಕಾಲ್. ರೇಷ್ಮೆ ಸಾಕುವವರಿಲ್ಲದಿದ್ದರೆ ಅಷ್ಟು ಚಿಟ್ಟೆಯನ್ನು ಅವರು ಎಲ್ಲಿಂದ ತರುತ್ತಿದ್ದರು? ಇಂಥ ವಸ್ತುಗಳಿಗೆ ‘ಫೆರೊಮೋನ್’ ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ.

ಆಮೇಲೆ ಬೇರೆ ಪತಂಗಗಳ ವಾಸನೆಗಳೂ ಒಂದೊಂದಾಗಿ ಬಯಲಾದವು. ಹನೂರಿನ ಮುಸುಕಿನ ಜೋಳಕ್ಕೆ ಬೀಳುವ ಸೈನಿಕ ಹುಳು, ಯಳಂದೂರಿನ ಗದ್ದೆಯ ಕಾಂಡಕೊರಕ, ಇವಕ್ಕೆಲ್ಲ ಇಂದು ಹೆಣ್ಣಿನ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆಗಳಿವೆ.

ಆದರೆ ಬಲೆ ಕಟ್ಟಿದ ಹೊಲಕ್ಕೇ ಔಷಧಿಯನ್ನೂ ಹೊಡೆಯುತ್ತೇವಲ್ಲ! ಪಕ್ಕದ ಹೊಲದ ಸಿಂಪರಣೆ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ಹುಳು ಸಾಯುವುದು ರೇಷ್ಮೆಯವರಿಗೆ ಗೊತ್ತು. ಸಾಯದೆ ಉಳಿದದ್ದರ ಗತಿ ಏನು? 1984ರಲ್ಲಿ ಅಮೆರಿಕದ ಚಾರ್ಲ್ಸ್ ಲಿನ್ ಮತ್ತು ವೆಂಡೆಲ್ ರೋಲೋಫ್ಸ್ ಈ ಪ್ರಶ್ನೆಯನ್ನು ಹಣ್ಣಿನ ತೋಟದ ಪತಂಗವೊಂದರ ಮೇಲೆ ಪರೀಕ್ಷಿಸಿದರು. ಮರುವರ್ಷ ಕೆನೆತ್ ಹೇನ್ಸ್ ಮತ್ತು ಥಾಮಸ್ ಬೇಕರ್ ಹತ್ತಿಯ ಗುಲಾಬಿ ಕಾಯಿಕೊರಕದ ಗಂಡುಗಳಿಗೆ ಕೊಲ್ಲದಷ್ಟು ಪರ್ಮೆಥ್ರಿನ್ ಎಂಬ ಕೀಟನಾಶಕ ತಾಗಿಸಿ, ಗಾಳಿ ಬೀಸುವ ಸುರಂಗದಲ್ಲಿ ಬಿಟ್ಟರು. ವಾಸನೆಯ ಮೂಲದವರೆಗೆ ತಲುಪಿದವುಗಳ ಪ್ರಮಾಣ ಇಳಿದಿತ್ತು. ಔಷಧಿ ತಾಗುವುದು ನರಕ್ಕೆ. ವಾಸನೆ ಹಿಡಿಯುವುದೂ, ಅದರ ಜಾಡಿನಲ್ಲಿ ಹಾರುವುದೂ ನರದ ಕೆಲಸವೇ. ಹಾಗಾಗಿ ಸಿಂಪರಣೆಯ ಬೆನ್ನಲ್ಲೇ ಬಲೆ ಖಾಲಿಯಿದ್ದರೆ ಹೊಲವೂ ಖಾಲಿ ಎಂದು ನಂಬಲು ನನಗಂತೂ ಧೈರ್ಯವಿಲ್ಲ.

2014ರಲ್ಲಿ ಫ್ರಾನ್ಸಿನ ಸಂಶೋಧಕರಿಗೆ ಸಿಕ್ಕಿದ್ದು ಇನ್ನೂ ವಿಚಿತ್ರ. ಅಗ್ರೋಟಿಸ್ ಇಪ್ಸಿಲಾನ್ ಎಂಬ ಕತ್ತರಿಹುಳುವಿನ ಗಂಡು ಪತಂಗಗಳಿಗೆ ಅವರು ಕ್ಲೋಥಿಯಾನಿಡಿನ್ ಎಂಬ ಕೀಟನಾಶಕ ಉಣಿಸಿದರು. ಒಂದನ್ನೂ ಕೊಲ್ಲದ 0.25 ನ್ಯಾನೊಗ್ರಾಂ ಉಂಡವು ದಾರಿ ತಪ್ಪಿದವು. ನೂರರಲ್ಲಿ ಇಪ್ಪತ್ತನ್ನು ಕೊಲ್ಲುವ 10 ನ್ಯಾನೊಗ್ರಾಂ ಉಂಡೂ ಬದುಕಿದವು ಮೊದಲಿಗಿಂತ ಚುರುಕಾಗಿ ಹೆಣ್ಣಿನ ವಾಸನೆಯತ್ತ ಹಾರಿದವು. ಅದೇ ಪತಂಗಗಳಿಗೆ ಗಿಡದ ವಾಸನೆ ಒಡ್ಡಿ ನೋಡಿದರೆ ಯಾವ ವ್ಯತ್ಯಾಸವೂ ಇರಲಿಲ್ಲ; ಏರುಪೇರಾದದ್ದು ಹೆಣ್ಣನ್ನು ಅರಸುವ ನಡೆ ಮಾತ್ರ.