ಎಲಿಮಿನೇಟರ್ ಸುಟ್ಟಿದ್ದು ಯಾಕೆ?

ನಮ್ಮ ಮನೆಯಲ್ಲಿ ರೇಡಿಯೋ ಅವ್ವನದು. ಎಂಬತ್ತು ದಾಟಿದೆ, ಕಣ್ಣು ಮಂಜು. ಟೀವಿ ಕಾಣಲ್ಲ, ಮೊಬೈಲ್ ಒತ್ತೋಕೆ ಬರಲ್ಲ. ಬೆಂಗಳೂರು ಆಕಾಶವಾಣಿಯ 612ಕ್ಕೆ ಮುಳ್ಳು ತಿರುಗಿಸಿಟ್ಟರೆ ರಾತ್ರಿವರೆಗೂ ಅದು ಹಾಡ್ತಾನೇ ಇರಬೇಕು. ನಾಲ್ಕು ಶೆಲ್ಲು ಎಷ್ಟು ದಿನ ಬಂದೀತು? ಅದಕ್ಕೇ ಬಹಳ ವರ್ಷದ ಹಿಂದೆ 6 ವೋಲ್ಟಿನ ಎಲಿಮಿನೇಟರ್ ತಂದು ಹಾಕಿದ್ದೆ.

ಹೋದ ಜೂನ್‌ನಲ್ಲಿ, ರಾಗಿ ಹೊಲ ಹದ ಮಾಡಿಕೊಂಡು ಮಳೆಗೆ ಕಾಯ್ತಿದ್ದಾಗ ಅದು ನಿಂತುಹೋಯಿತು. ಯಲಹಂಕಕ್ಕೆ ಹೋಗಿ ಈಗ ಬರುವ ಹಗುರದ್ದೊಂದು ಅಡಾಪ್ಟರ್ ತಂದೆ. ರೇಡಿಯೋ ಹತ್ತಿತು, ಆದರೆ ಮಾತಿಗಿಂತ ಗುಂಯ್ ಕರಕರ ಸದ್ದೇ ಹೆಚ್ಚು. ‘ಇದರೊಳಗೆ ಜೀರುಂಡೆ ಸೇರ್ಕೊಂಡದೆ’ ಅಂದಳು ಅವ್ವ. ಐಟಿಐ ಓದಿದ ನನ್ನ ಸೋದರಳಿಯ ಬಂದಾಗ ಕೇಳಿದೆ. ಹಗುರದ ಅಡಾಪ್ಟರು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಇಳಿಸುತ್ತಂತೆ, ಆ ಸದ್ದು ಮೀಡಿಯಂ ವೇವ್ ರೇಡಿಯೋಗೆ ಕೇಳುತ್ತಂತೆ. ಹಳೇ ತೂಕದ ಡಬ್ಬಿಯಲ್ಲಿ ಆ ಕಾಟವಿಲ್ಲ. ‘ಮಾವ, ಹಳೇದನ್ನ ಎಸೀಬೇಡಿ, ಬಿಚ್ಚಿ ನೋಡೋಣ’ ಅಂದ.

ಒಳಗಿರುವುದು ನಮ್ಮ ಹೊಲದ ಪಕ್ಕದ ಟೀಸಿಯ ಮರಿ, ಅಷ್ಟೆ. ಟೀಸಿ 11,000 ವೋಲ್ಟನ್ನು ಮನೆಗಾಗುವಷ್ಟು ಇಳಿಸಿದರೆ ಇದು 230ನ್ನು 6ಕ್ಕೆ ಇಳಿಸುತ್ತದೆ. ಕಬ್ಬಿಣದ ತೆಳು ತಗಡುಗಳ ಮೇಲೆ ತಾಮ್ರದ ಎರಡು ಸುರುಳಿ. 230ರ ಕಡೆಯದು ಕೂದಲಿನಂಥ ತಂತಿ, ಸಾವಿರಾರು ಸುತ್ತು. 6ರ ಕಡೆಯದು ದಪ್ಪ, ಸುತ್ತು ಕಡಿಮೆ. ಅದರಿಂದಾಚೆಗೆ ನಾಲ್ಕು ಡಯೋಡು, ಒಂದು ಕೆಪಾಸಿಟರು.

ಪ್ಲಗ್ಗು ಕಿತ್ತಿಟ್ಟ ಮೇಲೇ ಡಬ್ಬಿ ಬಿಚ್ಚಬೇಕು. ಮೀಟರನ್ನು ಓಮ್‌ಗೆ ತಿರುಗಿಸಿ ಪ್ಲಗ್ಗಿನ ಎರಡು ಪಿನ್ನಿಗೆ ಮುಟ್ಟಿಸಿದ. ಸುರುಳಿ ಚೆನ್ನಾಗಿದ್ದರೆ ಕೆಲವು ನೂರು ಓಮ್, ಕೆಲವದರಲ್ಲಿ ಸಾವಿರದ ಮೇಲೂ ತೋರಿಸಬೇಕು. ಏನೂ ತೋರಿಸಲಿಲ್ಲ. ಅಂದರೆ ದಾರಿ ಎಲ್ಲೋ ಕಡಿದಿದೆ. ‘ಸುರುಳಿ ಸುಟ್ಟಿದೆ ಅಂತ ಇಲ್ಲಿಗೇ ಕೈಬಿಡ್ತಾರೆ’ ಅಂತ ಹೇಳಿ, ಸುರುಳಿಗೆ ಸುತ್ತಿದ ಹಳದಿ ಟೇಪನ್ನು ಬ್ಲೇಡಿನಲ್ಲಿ ಬಿಡಿಸಿದ. ಕೆಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಫ್ಯೂಸು. ಡಬ್ಬಿ ವಿಪರೀತ ಕಾದರೆ ಇದು ಕಡಿದುಕೊಳ್ಳುತ್ತದೆ, ಮತ್ತೆ ಕೂಡುವುದಿಲ್ಲ. ಸುರುಳಿ ನೆಟ್ಟಗಿತ್ತು, ಹೋಗಿದ್ದು ಫ್ಯೂಸು.

ಅಂಥದೇ ಫ್ಯೂಸು ಎಸ್.ಪಿ. ರೋಡಿನಿಂದ ತರ್ತೀನಿ, ಅಲ್ಲೀವರೆಗೂ ಹಾಕಬೇಡಿ ಅಂತ ಹೇಳಿ ಹೋದ. ನನಗೆ ತಡೆಯಲಿಲ್ಲ. ಮಳೆ ಸುದ್ದಿ ಬೇಕು, ಅವ್ವ ದಿನಕ್ಕೆ ನಾಕು ಸಲ ಕೇಳ್ತಾಳೆ. ಫ್ಯೂಸಿನ ಎರಡು ತುದಿಯನ್ನು ತಂತಿಯಿಂದ ನೇರ ಕೂಡಿಸಿ, ಟೇಪು ಸುತ್ತಿ ಹಾಕಿಬಿಟ್ಟೆ. ರೇಡಿಯೋ ಹತ್ತಿತು. ಏಳನೇ ಕ್ಲಾಸು ಓದಿದವನು ಇಷ್ಟು ಮಾಡಿದೆನಲ್ಲಾ ಅಂತ ಜಂಬ ಬೇರೆ.

ಮೂರನೇ ರಾತ್ರಿ ಸುಟ್ಟ ವಾಸನೆಗೆ ಎಚ್ಚರವಾಯಿತು. ಅವ್ವನ ತಲೆದೆಸೆಯಲ್ಲಿದ್ದ ಎಲಿಮಿನೇಟರಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಗೋಡೆಗೆ ಅಂಟುತ್ತಿತ್ತು. ಪಕ್ಕದಲ್ಲೇ ಅವಳ ಕೌದಿ. ಮೇನ್ ಸ್ವಿಚ್ ಇಳಿಸಿ, ಒಣಬಟ್ಟೆ ಹಿಡಿದು ಕಿತ್ತೆ. ಇನ್ನೂ ಅರ್ಧಗಂಟೆ ನಿದ್ದೆ ಹತ್ತಿದ್ದರೆ ಏನಾಗುತ್ತಿತ್ತೋ.

ಬೆಳಗ್ಗೆ ಬಂದ ಅಳಿಯ ಚೆನ್ನಾಗಿ ಬೈದ. ‘ಫ್ಯೂಸು ಸುಮ್ನೆ ಹೋಗಲ್ಲ ಮಾವ. ಯಾಕೆ ಹೋಯ್ತು ಅಂತ ನೋಡಬೇಕಿತ್ತು.’ ಡಯೋಡ್ ಸುಟ್ಟು ಕೂಡಿಕೊಂಡರೂ ಟ್ರಾನ್ಸ್‌ಫಾರ್ಮರ್ ಕಾಯುತ್ತದಂತೆ. ಬೆಸುಗೆ ಬಿಡಿಸಿ ಒಂದೊಂದೇ ನೋಡಿದ, ನಾಲ್ಕೂ ಸರಿ. ಆದರೆ ಕೆಪಾಸಿಟರಿನ ತಲೆ ಉಬ್ಬಿತ್ತು. ‘ಹೆಚ್ಚಿಗೆ ವೋಲ್ಟೇಜ್ ಬರ್ತಿರಬೇಕು’ ಅಂದ.

ಆಗ ನೆನಪಾಯಿತು. ಪಕ್ಕದ ಮನೆಯವರು ಸಂಜೆ ನೀರು ಕಾಯಿಸೋಕೆ ಹೀಟರ್ ಹಾಕಿದರೆ ನಮ್ಮ ದೊಡ್ಡ ಬಲ್ಬು ಭಗ್ ಅಂತ ಉರಿಯುತ್ತಿತ್ತು, ಅವರದು ಮಂಕು. ನಾವು ತಮಾಷೆ ಮಾಡಿಕೊಂಡಿದ್ದೆವು. ಸಂಜೆ ಅದೇ ಹೊತ್ತಿಗೆ ಅಳಿಯ ನಮ್ಮ ಪ್ಲಗ್ಗಿನಲ್ಲಿ ಅಳೆದರೆ 290. ಕೆಲಸ ಗೊತ್ತಿಲ್ಲದವರು ಇದನ್ನು ಅಳೆಯೋಕೆ ಹೋಗಬೇಡಿ, ಬಲ್ಬು ನೋಡಿದರೆ ಸಾಕು.

ಕಂಬದಲ್ಲಿ ನ್ಯೂಟ್ರಲ್ ತಂತಿ ಸಡಿಲವಾಗಿತ್ತು. ನಾಲ್ಕು ತಂತಿಯಲ್ಲಿ ಮೂರು ಫೇಸು, ಒಂದು ನ್ಯೂಟ್ರಲ್. ನ್ಯೂಟ್ರಲ್ ಬಿಟ್ಟುಕೊಂಡರೆ ಬೇರೆ ಬೇರೆ ಫೇಸಿನ ಎರಡು ಮನೆ ಸೇರಿ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹೆಚ್ಚು ಸಾಮಾನು ಹಾಕಿದವರಿಗೆ ಕಡಿಮೆ, ಕಡಿಮೆ ಹಾಕಿದವರಿಗೆ ಹೆಚ್ಚು. ಕಾಲುಭಾಗ ವೋಲ್ಟೇಜ್ ಏರಿದರೆ ಬಿಸಿಯೂ ಕಾಲುಭಾಗ ಏರುತ್ತೆ ಅಂದುಕೊಳ್ಳಬೇಡಿ. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಒಂದು ಮಿತಿಯವರೆಗೆ ಮಾತ್ರ ತಡೆಯುತ್ತದೆ, ಆಮೇಲೆ ಸುರುಳಿ ಕರೆಂಟನ್ನು ಒಂದೇ ಸಮ ಎಳೆದುಕೊಂಡು ಕಾಯುತ್ತದೆ.

ನಮ್ಮ ಮನೆಯ ಮೇನ್ ಇಳಿಸಿ, ಅಕ್ಕಪಕ್ಕದವರಿಗೂ ಹೇಳಿ, ಲೈನ್‌ಮನ್‌ಗೆ ಫೋನ್ ಮಾಡಿದೆವು. ಕಂಬ ನಾವು ಮುಟ್ಟಲಿಲ್ಲ. ಅವರು ಬಂದು ಕಂಬದ ಜಾಯಿಂಟ್ ಬಿಚ್ಚಿದಾಗ ತಂತಿಯ ಮೇಲೆಲ್ಲ ಬಿಳೀ ಬೂದಿ ಹಿಡಿದಿತ್ತು. ಉಜ್ಜಿ ಹೊಸದಾಗಿ ಕಟ್ಟಿದರು. ಆಮೇಲೆ ಹೀಟರ್ ಹಾಕಿದರೂ ನಮ್ಮ ಬಲ್ಬು ಅಲುಗಲಿಲ್ಲ.

ಕಾದುಹೋದ ಟ್ರಾನ್ಸ್‌ಫಾರ್ಮರನ್ನು ಅಳಿಯ ಮತ್ತೆ ಹಾಕಲು ಬಿಡಲಿಲ್ಲ. ಒಳಗೆ ಫ್ಯೂಸು ಇರುವ ಹೊಸದು ತಂದ, ಡಯೋಡು ಹಳೇವೇ, ಕೆಪಾಸಿಟರ್ ಹೊಸದು. ಹಾಕಿ ಅಳೆದರೆ 9 ವೋಲ್ಟ್ ತೋರಿಸಿತು. ನನಗೆ ಗಾಬರಿ. ರೇಡಿಯೋ ಹಾಕದೆ ಅಳೆದರೆ ಈ ಹಳೇ ಬಗೆಯವು ಹಾಗೇ ತೋರಿಸುತ್ತವಂತೆ. ರೇಡಿಯೋ ಹಾಡಲು ಶುರುವಾದ ಮೇಲೆ 6ರ ಹತ್ತಿರಕ್ಕೆ ಇಳಿಯಿತು. ಪಿನ್ನಿನ ಪ್ಲಸ್ಸು ಮೈನಸ್ಸನ್ನೂ ರೇಡಿಯೋ ಮೇಲಿನ ಗುರುತಿಗೆ ಸರಿನೋಡಿಯೇ ಚುಚ್ಚಿದ, ತಿರುಗುಮುರುಗಾದರೆ ರೇಡಿಯೋನೇ ಹೋಗುತ್ತದೆ.

ಈಗ ಅದನ್ನು ಹಾಸಿಗೆಯಿಂದ ದೂರ, ಕಲ್ಲಿನ ಗೂಡಿನಲ್ಲಿ ಇಟ್ಟಿದ್ದೇವೆ. ರಾತ್ರಿ ಪ್ಲಗ್ಗು ಕೀಳುವುದು ನನ್ನ ಕೆಲಸ. ಮರೆತರೆ ಅವ್ವ ಕೂಗಿ ಎಬ್ಬಿಸುತ್ತಾಳೆ.